ನಗಿಸುವವನ ಬಿಗಿದ ಮುಖ

ನಗು ಮನುಷ್ಯನಿಗೆ ಹುಟ್ಟಿನಿಂದ ಬಂದುದು. ನಗಿಸುವುದು ಮಾತ್ರ ಕಲಿತು ಬರಬೇಕಾದ ವಿದ್ಯೆ. ಆ ವಿದ್ಯೆಯನ್ನು ರಂಗದ ಮೇಲೆ ಬಿದ್ದು ಎದ್ದು ಕಲಿತ ಬಾಲಕನೊಬ್ಬನ ವೃತ್ತಾಂತವನ್ನು ಮಕ್ಕಳಿರುವ ಮನೆಗಳವರು ಅರಿಯಬೇಕೆಂದು ನಾವು ಬಯಸುತ್ತೇವೆ.

ಮೂಕಚಿತ್ರಗಳ ಕಾಲದಲ್ಲಿ ಚಾಪ್ಲಿನ್ನನಿಗೆ ಸರಿಸಾಟಿಯೆನಿಸಿದ ಬಸ್ಟರ್ ಕೀಟನ್ 1895ರ ಅಕ್ಟೋಬರ್ 4ರಂದು ಅಮೆರಿಕದ ಕನ್ಸಾಸ್ ರಾಜ್ಯದ ಪಿಕ್ವಾ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ತಂದೆ ಜೋ, ತಾಯಿ ಮೈರಾ ಇಬ್ಬರೂ ಊರೂರು ಅಲೆಯುವ ಮೇಳದ ಕಲಾವಿದರು. ಆಟ ತೋರಿಸಿ ಜನರನ್ನು ಸೇರಿಸುವುದು, ಬಳಿಕ ಔಷಧಿ ಮಾರುವುದು ಅಂತಹ ಮೇಳಗಳ ರೂಢಿ.

ಎಳವೆಯಲ್ಲಿಯೇ ಮಗನೂ ರಂಗವೇರಿದನು. ‘ಮೂವರು ಕೀಟನ್ನರು’ ಎಂಬ ಆ ಆಟದಲ್ಲಿ ತುಂಟ ಮಗನನ್ನು ತಂದೆ ಎತ್ತಿ ಎಸೆಯುವುದೇ ಹಾಸ್ಯ. ಅದಕ್ಕೆಂದು ಹುಡುಗನ ಉಡುಪಿನ ಬೆನ್ನಿಗೆ ಸೂಟ್‌ಕೇಸಿನ ಹಿಡಿಯನ್ನು ಹೊಲಿದಿದ್ದರು. ಪೆಟ್ಟಾಗದಂತೆ ಬೀಳುವ ಬಗೆಯನ್ನು ಅವನು ಕರಗತ ಮಾಡಿಕೊಂಡನು. ಜೊತೆಗೆ ಒಂದು ಸೂಕ್ಷ್ಮವನ್ನೂ ಕಂಡುಕೊಂಡನು: ಬಿದ್ದವನು ತಾನೇ ನಕ್ಕರೆ ಸಭೆ ನಗುವುದಿಲ್ಲ, ಏನೂ ಆಗದವನಂತೆ ಮುಖ ಬಿಗಿದು ಎದ್ದರೆ ಸಭೆ ನಗೆಗಡಲಾಗುತ್ತದೆ. ಮುಂದೆ ಆ ಬಿಗಿದ ಮುಖವೇ ಅವನ ಹೆಗ್ಗುರುತಾಯಿತು.

ನ್ಯೂಯಾರ್ಕಿನ ಮಕ್ಕಳ ರಕ್ಷಣಾ ಸಂಘದವರು ಇದನ್ನು ಹಿಂಸೆಯೆಂದು ಆಕ್ಷೇಪಿಸಿದರು. ಕೆಲಕಾಲ ಆ ನಗರದ ರಂಗ ಅವನಿಗೆ ಮುಚ್ಚಿತು. ತನಗೆ ಹಿಂಸೆಯಾಗಲಿಲ್ಲವೆಂದೇ ಕೀಟನ್ ಮುಂದೆಯೂ ಹೇಳುತ್ತಿದ್ದನು. ಆದರೆ ಹುಡುಗ ಹರೆಯಕ್ಕೆ ಬಂದಂತೆ ತಂದೆಯ ಕುಡಿತ ಹೆಚ್ಚಿತು. ಎಸೆತದ ಲೆಕ್ಕ ತಪ್ಪತೊಡಗಿತು. ನೋಡುವವರಿಗೆ ಅದೇ ಆಟ. ಆಡುವವನಿಗೆ ಮಾತ್ರ ಎಸೆಯುವ ಕೈಯ ಮೇಲಿನ ನಂಬಿಕೆ ಹೋಗಿತ್ತು. 1917ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಅವನು ಆ ಆಟವನ್ನು ತೊರೆದು ಚಲನಚಿತ್ರಕ್ಕೆ ಬಂದನು.

ಕಲಿತ ವಿದ್ಯೆ ವ್ಯರ್ಥವಾಗಲಿಲ್ಲ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಮನೆಯೊಂದರ ಮುಂಗೋಡೆ ಇಡಿಯಾಗಿ ಅವನ ಮೇಲೆ ಕವುಚಿ ಬೀಳುತ್ತದೆ. ಕಿಟಕಿಯ ತೆರವು ಬಂದು ತಾಗುವ ನೆಲವನ್ನು ಮೊದಲೇ ಅಳೆದು ಅಲ್ಲಿಯೇ ಅವನು ನಿಂತಿದ್ದನು. ಗೋಡೆ ನಿಜವಾದುದು, ಅಪಾಯವೂ ನಿಜ. ಅವನ ಮುಖದಲ್ಲಿ ಮಾತ್ರ ವಿಕಾರವಿಲ್ಲ.

ನಮ್ಮ ಮನೆಗಳಲ್ಲಿಯೂ ಮಕ್ಕಳನ್ನು ಛೇಡಿಸಿ ನಗುವ ವಾಡಿಕೆಯುಂಟು. ಬಂಧುಗಳ ಮುಂದೆ ಮಗನ ತೊದಲನ್ನೋ ಮಗಳ ಮೈಬಣ್ಣವನ್ನೋ ಹಾಸ್ಯಕ್ಕೆ ಎಳೆಯುತ್ತೇವೆ. ಮಗು ಸುಮ್ಮನಿದ್ದರೆ ನೋವಾಗಲಿಲ್ಲವೆಂದು ತಿಳಿಯುತ್ತೇವೆ. ಬಿಗಿದ ಮುಖದ ಹಿಂದೆ ಏನಿದೆಯೆಂದು ಹಿರಿಯರು ಬಿಡುವಾಗಿ ಕುಳಿತು ಒಮ್ಮೆ ಕೇಳಿ ನೋಡಲಿ.