ಮೂರನೆಯ ಪಿನ್ನು

ವಿದ್ಯುಚ್ಛಕ್ತಿಯು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಇಂದು ಅದು ನಮ್ಮ ಅಡಿಗೆಮನೆ, ಬಚ್ಚಲುಮನೆಗಳನ್ನೂ ಹೊಕ್ಕಿದೆ. ಒಲೆಯ ಬೆಂಕಿಗೆ ಹೊಗೆಯುಂಟು, ಹಾವಿಗೆ ಬುಸುಗುಟ್ಟುವ ಸದ್ದುಂಟು. ತಂತಿಯಲ್ಲಿ ಹರಿಯುವ ವಿದ್ಯುತ್ತಿಗಾದರೋ ಬಣ್ಣವಿಲ್ಲ, ವಾಸನೆಯಿಲ್ಲ. ಆದುದರಿಂದ ಇಲ್ಲಿ ಕಣ್ಣು ಮೂಗುಗಳನ್ನು ನಂಬದೆ ತಿಳಿವಳಿಕೆಯನ್ನೇ ನಂಬಬೇಕು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನಾನು ಈ ವಿಷಯವನ್ನು ಬರೆಯಹೊರಟಿದ್ದೇನೆಂದು ವಾಚಕ ಮಿತ್ರರು ನಗಬಾರದು. ಈ ತಿಳಿವಳಿಕೆ ನನಗೆ ಬಂದದ್ದು ಪುಸ್ತಕದಿಂದಲ್ಲ, ನನ್ನ ತಪ್ಪಿನಿಂದ.

ನಮ್ಮ ಮನೆಯಲ್ಲಿ ಸ್ನಾನದ ನೀರನ್ನು ಕಾಯಿಸಲು ಹೀಟರ್ ರಾಡೊಂದಿದೆ. ಅದರ ಪ್ಲಗ್ಗಿಗೆ ಮೂರು ಪಿನ್ನು; ಬಚ್ಚಲ ಬಳಿಯ ಹಳೆಯ ಸಾಕೆಟ್ಟಿಗೋ ಎರಡೇ ತೂತು. ನಾನು ಮೇಲಿನ ದಪ್ಪ ಪಿನ್ನನ್ನು ಕಿತ್ತು ತೆಗೆದೆ. ನೀರು ಎಂದಿನಂತೆ ಕಾಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಕೆಲವು ತಿಂಗಳಾದ ಮೇಲೆ ಒಂದು ಮುಂಜಾನೆ ಅಮ್ಮ ನೀರು ಕಾದಿದೆಯೇ ಎಂದು ನೋಡಲು ಹೋದಳು. ಚೀರಿದ ಸದ್ದು ಕೇಳಿ ಓಡಿದೆ. ಅವಳ ಕೈ ಕಬ್ಬಿಣದ ಬಕೆಟ್ಟಿನ ಅಂಚಿಗೆ ಅಂಟಿಕೊಂಡಂತಿತ್ತು; ಮಾತು ಹೊರಡುತ್ತಿರಲಿಲ್ಲ. ನಾನು ಅವಳನ್ನು ಹಿಡಿದೆಳೆಯಲು ಕೈ ಚಾಚಿದಾಗ ಹಿಂದಿನಿಂದ ಅಜ್ಜ, “ಮುಟ್ಟಬೇಡ ಕಣೋ! ಮೇನ್ ಆರಿಸು!” ಎಂದು ಕೂಗಿದರು. ಆರಿಸಿದೆ. ಅಮ್ಮ ಕುಸಿದು ಕುಳಿತಳು. ವೈದ್ಯರು ಅಪಾಯವಿಲ್ಲವೆಂದರು. ಆದರೂ ಬಹಳ ದಿನ ಅವಳ ಬಲಗೈ ಜೋಮು ಹಿಡಿದಂತೆಯೇ ಇತ್ತು.

ಮಧ್ಯಾಹ್ನ ಬಂದ ವೈರಿಂಗ್ ಕೆಲಸದವರು ಪ್ಲಗ್ಗನ್ನು ತಿರುಗಿಸಿ ನೋಡಿ, “ಇದನ್ನು ಕಿತ್ತವರು ಯಾರಪ್ಪಾ?” ಎಂದರು. ನಾನು ತಲೆ ತಗ್ಗಿಸಿದೆ. ಆ ದಿನ ಅವರು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಇಲ್ಲಿ ಹೇಳುತ್ತೇನೆ.

ಪ್ಲಗ್ಗಿನ ಎರಡು ಪಿನ್ನುಗಳು ವಿದ್ಯುತ್ತು ಬರುವುದಕ್ಕೆ ಮತ್ತು ಮರಳುವುದಕ್ಕೆ. ಉಪಕರಣವು ನಡೆಯಲು ಅವೆರಡೇ ಸಾಕು. ಮೂರನೆಯದು ಉಪಕರಣದ ಲೋಹದ ಮೈಯನ್ನು ನೆಲಕ್ಕೆ ಸೇರಿಸುತ್ತದೆ; ಇದೇ ಅರ್ತಿಂಗ್. ರಾಡಿನ ಒಳಗಿನ ತಂತಿಗೂ ಹೊರಗಿನ ಕೊಳವೆಗೂ ನಡುವಿನ ನಿರೋಧಕವು ಕೆಟ್ಟರೆ ವಿದ್ಯುತ್ತು ಕೊಳವೆಗೆ, ಅಲ್ಲಿಂದ ನೀರಿಗೆ ಸೋರುತ್ತದೆ. ಅರ್ತಿಂಗ್ ಇದ್ದರೆ ಆ ಸೋರಿಕೆ ಸುಲಭವಾದ ದಾರಿ ಹಿಡಿದು ನೆಲಕ್ಕಿಳಿಯುತ್ತದೆ. ಸೋರಿಕೆ ಹೆಚ್ಚಾದರೆ ಫ್ಯೂಸು ಹಾರುತ್ತದೆ. ಇಲ್ಲದಿದ್ದರೆ ಮುಟ್ಟಿದವರ ದೇಹವೇ ಅದಕ್ಕೆ ದಾರಿ. ಈ ಪಿನ್ನನ್ನು ಉಳಿದೆರಡಕ್ಕಿಂತ ಉದ್ದವಾಗಿ ಮಾಡಿರುವುದೂ ಅದು ಮೊದಲು ಸೇರಿ ಕೊನೆಗೆ ಬಿಡಲೆಂದೇ.

“ಫ್ಯೂಸು ಇತ್ತಲ್ಲ, ಅದೇಕೆ ಹಾರಲಿಲ್ಲ?” ಎಂದು ನಾನು ಕೇಳಿದ್ದೆ. ಲೆಕ್ಕ ಸರಳವಾಗಿದೆ. ಮನೆಯ ವಿದ್ಯುತ್ತು 230 ವೋಲ್ಟು. ಒದ್ದೆ ಮೈಯ ತಡೆ ಸುಮಾರು 1000 ಓಮ್ ಎನ್ನೋಣ. ಆಗ ದೇಹದಲ್ಲಿ ಹರಿಯುವುದು 0.23 ಆಂಪಿಯರ್, ಅಂದರೆ 230 ಮಿಲಿಯಾಂಪಿಯರ್. ಸುಮಾರು 10 ಮಿಲಿಯಾಂಪಿಯರಿಗೇ ಸ್ನಾಯುಗಳು ಬಿಗಿದು ಹಿಡಿದ ಕೈ ಬಿಡಲು ಬಾರದಾಗಬಹುದು. 100 ಮಿಲಿಯಾಂಪಿಯರ್ ಹೃದಯದ ಲಯವನ್ನೇ ಕೆಡಿಸಬಲ್ಲದು. 5 ಆಂಪಿಯರಿನ ಫ್ಯೂಸಿಗೆ ಇದು ಗಮನಕ್ಕೂ ಬಾರದು. ಫ್ಯೂಸು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ನಮ್ಮ ರಾಡಿನ ಸೋರಿಕೆ ಅಲ್ಪವಾಗಿದ್ದುದು ನಮ್ಮ ಪುಣ್ಯ.

ಮನುಷ್ಯನನ್ನು ಕಾಯಲು ಆರ್.ಸಿ.ಸಿ.ಬಿ. ಎಂಬ ಸಾಧನವಿದೆ. ಹೋದ ವಿದ್ಯುತ್ತೆಷ್ಟು, ಮರಳಿದ್ದೆಷ್ಟು ಎಂದು ಅದು ಕರಣಿಕನಂತೆ ಸದಾ ಲೆಕ್ಕವಿಡುತ್ತದೆ. ಮನೆಗಳಲ್ಲಿ ಹಾಕುವುದು 30 ಮಿಲಿಯಾಂಪಿಯರಿನದು. ಅಷ್ಟು ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ವಿದ್ಯುತ್ತನ್ನು ಕಡಿಯುತ್ತದೆ. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡುತ್ತಿರಬೇಕು.

ಇನ್ನು ಕೆಲವು ಮಾತು. ರಾಡಿನ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತ ಮೇಲೆಯೇ ನೀರನ್ನಾಗಲಿ ಬಕೆಟ್ಟನ್ನಾಗಲಿ ಮುಟ್ಟಬೇಕು. ಒದ್ದೆ ಕೈಯಿಂದ ಸ್ವಿಚ್ಚು ಮುಟ್ಟಬಾರದು. ಸಿಪ್ಪೆ ಹೋದ ತಂತಿಯನ್ನು ಬದಲಿಸಬೇಕು. ಫ್ಯೂಸು ಹಾರಿದರೆ ಅದರ ಜಾಗದಲ್ಲಿ ದಪ್ಪ ತಂತಿ ಕಟ್ಟಬಾರದು. ಯಾರಿಗಾದರೂ ವಿದ್ಯುತ್ತು ಹೊಡೆದರೆ ಮೊದಲು ಮೇನ್ ಆರಿಸಬೇಕು. ಅದಾಗದಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಕೋಲಿನಿಂದ ತಂತಿಯನ್ನು ಸರಿಸಬೇಕು. ಉಸಿರು ನಿಂತಿದ್ದರೆ 108ಕ್ಕೆ ಕರೆ ಮಾಡಿ, ನೆರವು ಬರುವವರೆಗೆ ಎದೆಯ ನಡುವೆ ಬಲವಾಗಿ, ಬೇಗಬೇಗನೆ ಒತ್ತುತ್ತಿರಬೇಕು.

ಅಂದೇ ನಾವು ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ತಿಂಗ್ ಮಾಡಿಸಿದೆವು. ಮೂರು ತೂತಿನ ಸಾಕೆಟ್ಟೂ ಹೊಸ ರಾಡೂ ಬಂದವು. ಅಮ್ಮ ನನ್ನನ್ನು ಬೈಯಲಿಲ್ಲ. “ಬಕೆಟ್ಟು ಮುಟ್ಟಿದ್ದು ನಾನಾಗಿ ಒಳ್ಳೆಯದಾಯಿತು, ತಂಗಿ ಮುಟ್ಟಿದ್ದರೆ?” ಎಂದಳಷ್ಟೆ. ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಮಿತ್ರರೇ, ದಿನವೆಲ್ಲ ಕೆಲಸವಿಲ್ಲದೆ ನಿಂತಿರುವಂತೆ ತೋರುವ ಆ ಪಿನ್ನು ಮನೆಯ ಕಾವಲುಗಾರ. ಕಳ್ಳ ಬರಲಿಲ್ಲವೆಂದು ಯಾರೂ ಕಾವಲುಗಾರನನ್ನು ಓಡಿಸುವುದಿಲ್ಲ. ಇಂದು ಸಂಜೆ ಮನೆಗೆ ಹೋದೊಡನೆ ನಿಮ್ಮ ಇಸ್ತ್ರಿಪೆಟ್ಟಿಗೆಯ ಮತ್ತು ರಾಡಿನ ಪ್ಲಗ್ಗುಗಳನ್ನು ಒಮ್ಮೆ ತಿರುಗಿಸಿ ನೋಡಿರಿ.