ಹಗಲು ಬೆಳೆದಂತೆ ಮೀನು ಬಲಿಯುತ್ತದೆ

ಮುಂಗಾರಿನಲ್ಲಿ ಕಟ್ಲಾ, ರೋಹು ಮೀನುಗಳಿಂದ ಮರಿ ಮಾಡಿಸುವ ಯೋಚನೆ ಇದೆಯೇ? ಹಾಗಾದರೆ ತಾಯಿ ಮೀನುಗಳ ಆರೈಕೆಯನ್ನು ಶಿವರಾತ್ರಿಯ ವೇಳೆಗೇ ಆರಂಭಿಸಿರಿ.

ದೇವನಹಳ್ಳಿ, ಹೊಸಕೋಟೆ ಕಡೆ ಡಿಸೆಂಬರ್ ಕೊನೆಯಲ್ಲಿ ಹಗಲು ಸುಮಾರು 11 ಗಂಟೆ 20 ನಿಮಿಷ. ಜೂನ್ ಕೊನೆಯಲ್ಲಿ ಸುಮಾರು 12 ಗಂಟೆ 50 ನಿಮಿಷ. ಈ ವ್ಯತ್ಯಾಸವನ್ನು ಮೀನು ಕಣ್ಣಿನಿಂದಲೂ ತಲೆಯೊಳಗಿನ ಪಿನಿಯಲ್ ಗ್ರಂಥಿಯಿಂದಲೂ ಅರಿಯುತ್ತದೆ. ಹಗಲು ಬೆಳೆದು ನೀರು ಬೆಚ್ಚಗಾದಂತೆ, ಮೆದುಳಿನ ಸೂಚನೆ ಪಡೆದ ಪಿಟ್ಯುಟರಿ ಗ್ರಂಥಿ ತನ್ನ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಇವುಗಳಿಂದ ಹೆಣ್ಣಿನಲ್ಲಿ ಮೊಟ್ಟೆ, ಗಂಡಿನಲ್ಲಿ ವೀರ್ಯ ಬಲಿಯುತ್ತವೆ.

ಬಲಿತರೂ ಈ ಮೀನುಗಳು ಹೊಂಡದ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ; ಅವಕ್ಕೆ ಮಳೆಗಾಲದ ಹೊಳೆಯ ಪ್ರವಾಹ ಬೇಕು. ಆ ಕೊರತೆಯನ್ನು ಹಾರ್ಮೋನು ಚುಚ್ಚುಮದ್ದು ತುಂಬುತ್ತದೆ. ಒಡಿಶಾದಲ್ಲಿ 1957ರಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ರಸವನ್ನು ಚುಚ್ಚಿ ನಮ್ಮ ಗೆಂಡೆ ಮೀನುಗಳಿಂದ ಮೊಟ್ಟೆಯಿಡಿಸಿದರು. ಆದರೆ ನೆನಪಿಡಿ: ಚುಚ್ಚುಮದ್ದು ಬಲಿತ ಮೊಟ್ಟೆಯನ್ನು ಹೊರಡಿಸುತ್ತದೆ, ಎಳೆಯದನ್ನು ಬಲಿಸುವುದಿಲ್ಲ. ಬಲಿಯದ ಮೀನಿಗೆ ಚುಚ್ಚಿದರೆ ಮದ್ದೂ ದಂಡ, ಮೀನಿಗೂ ಹಾನಿ.

ಆದ್ದರಿಂದ ನೀರಿನ ಮೇಲೆ ಮುಚ್ಚಿದ ಕಳೆಯನ್ನು ತೆಗೆದು ಬಿಸಿಲು ಬೀಳುವಂತೆ ಮಾಡಿರಿ. ಮೀನುಗಳನ್ನು ಒತ್ತಾಗಿ ಬಿಡಬೇಡಿರಿ. ಕಡಲೆಕಾಯಿ ಹಿಂಡಿ, ಅಕ್ಕಿ ತೌಡುಗಳನ್ನು ಸಮಪಾಲು ಬೆರೆಸಿ ತಪ್ಪದೆ ಉಣಿಸಿರಿ. ಜೂನ್‌ನಲ್ಲಿ ಪರೀಕ್ಷಿಸಿದಾಗ ಹೆಣ್ಣಿನ ಹೊಟ್ಟೆ ಉಬ್ಬಿ ಮೆತ್ತಗಿದ್ದು, ಗಂಡಿನ ಹೊಟ್ಟೆಯನ್ನು ಮೆಲ್ಲನೆ ಒತ್ತಿದರೆ ಹಾಲಿನಂಥ ವೀರ್ಯ ಬಂದರೆ ಮಾತ್ರ ಚುಚ್ಚುಮದ್ದಿಗೆ ಆರಿಸಿಕೊಳ್ಳಿರಿ.