ಉಗುರೋ, ಉಂಗುರವೋ? — ಎರಡು ಬೇಟೆಯ ರೈಫಲುಗಳು

ಕದದ ಚಿಲಕವನ್ನು ನಾವೆಲ್ಲರೂ ದಿನವೂ ಬಳಸುತ್ತೇವೆ. ಸಲಾಕೆಯನ್ನು ಮುಂದಕ್ಕೆ ತಳ್ಳಿ ಅದರ ಹಿಡಿಯನ್ನು ಕೆಳಕ್ಕೆ ತಿರುಗಿಸಿದರೆ ಕದ ಭದ್ರವಾಗುತ್ತದೆ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ತೆರೆದುಕೊಳ್ಳುತ್ತದೆ. ಬೋಲ್ಟ್ ರೈಫಲ್ ಎಂದು ಹೆಸರಾದ ಬೇಟೆಯ ಕೋವಿಯಲ್ಲಿಯೂ ನಳಿಗೆಯ ಹಿಂಬಾಯನ್ನು ಮುಚ್ಚುವುದು ಇಂತಹ ಒಂದು ಉಕ್ಕಿನ ಚಿಲಕವೇ. ಆದರೆ ಇಲ್ಲಿ ಚಿಲಕದ ಹಿಂದೆ ಬೇಟೆಗಾರನ ಮುಖವಿರುತ್ತದೆ. ಮುಂದೆ, ಮದ್ದು ಉರಿದ ಕ್ಷಣದಲ್ಲಿ, ವಾಯುಮಂಡಲದ ಒತ್ತಡದ ಸುಮಾರು 4000 ಪಟ್ಟು ಒತ್ತಡವಿರಬಹುದು. ಆದುದರಿಂದ ಈ ಚಿಲಕವನ್ನು ಹೇಗೆ ರಚಿಸಬೇಕೆಂಬುದು ಸಣ್ಣ ಪ್ರಶ್ನೆಯೇನಲ್ಲ.

ಅಮೆರಿಕದ ಬೇಟೆಗಾರರಲ್ಲಿ ಈ ಪ್ರಶ್ನೆ ಅರುವತ್ತು ವರ್ಷಗಳಿಂದಲೂ ಎರಡು ಹೆಸರುಗಳ ಸುತ್ತ ಸುತ್ತುತ್ತಿದೆ. 1936ರಲ್ಲಿ ಹೊರಬಂದ ವಿಂಚೆಸ್ಟರ್ 70 ಒಂದು. 1962ರಲ್ಲಿ ಬಂದ ರೆಮಿಂಗ್ಟನ್ 700 ಇನ್ನೊಂದು. ಜಿಂಕೆಯ ಬೇಟೆಗೆ ಹೊರಡುವವನು ಅಂಗಡಿಯಲ್ಲಿ ಇವೆರಡನ್ನೂ ಕೈಯಲ್ಲಿ ಹಿಡಿದು ಯೋಚಿಸುತ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ನಮ್ಮ ದೇಶದಲ್ಲಿ ಹವ್ಯಾಸದ ಬೇಟೆಗೆ ಎಡೆಯಿಲ್ಲವಾದ್ದರಿಂದ ನಮ್ಮ ವಾಚಕರಿಗೆ ಈ ಆಯ್ಕೆಯ ಚಿಂತೆ ಇಲ್ಲ. ಆದರೂ ಯಂತ್ರರಚನೆಯಲ್ಲಿ ಆಸಕ್ತಿಯುಳ್ಳವರಿಗೆ ಈ ಎರಡರ ಹೋಲಿಕೆ ಒಂದು ಒಳ್ಳೆಯ ಪಾಠ.

ಮೊದಲು ವಿಂಚೆಸ್ಟರನ್ನು ನೋಡೋಣ. ಇದರ ಮೂಲ ಜರ್ಮನಿಯ ಪಾಲ್ ಮೌಸರ್ ಅವರ 1898ರ ಸೈನಿಕ ರೈಫಲು. ತೋಟಾದ ಹಿಂಭಾಗದಲ್ಲಿ ಒಂದು ಅಂಚು ಇರುತ್ತದೆ. ಚಿಲಕದ ಪಕ್ಕದಲ್ಲಿ ಉದ್ದಕ್ಕೂ ಚಾಚಿದ ಅಗಲವಾದ ಉಕ್ಕಿನ ಪಟ್ಟಿಯೊಂದು ಕೂಡಿಕೊಂಡಿದ್ದು, ಅದರ ತುದಿ ಹದ್ದಿನ ಉಗುರಿನಂತೆ ಬಾಗಿರುತ್ತದೆ. ಚಿಲಕವನ್ನು ಮುಂದಕ್ಕೆ ತಳ್ಳಿದಾಗ ಕೆಳಗಿನ ಪೆಟ್ಟಿಗೆಯಿಂದ ಮೇಲೇರುವ ತೋಟಾದ ಅಂಚು ಈ ಉಗುರಿನ ಅಡಿಗೆ ತಾನಾಗಿಯೇ ಜಾರಿ ಸೇರುತ್ತದೆ. ಆ ಕ್ಷಣದಿಂದ ತೋಟಾ ಚಿಲಕದ ಹಿಡಿತದಲ್ಲಿದೆ. ನಳಿಗೆಯೊಳಗೆ ಹೋಗುವಾಗಲೂ, ಗುಂಡು ಹಾರಿದ ಮೇಲೆ ಬರಿದಾದ ಹಿತ್ತಾಳೆಯ ಕೊಳವೆ ಹೊರಬರುವಾಗಲೂ ಉಗುರು ಅದನ್ನು ಬಿಡುವುದಿಲ್ಲ.

ರೆಮಿಂಗ್ಟನ್ನಿನಲ್ಲಿ ಹೀಗಿಲ್ಲ. ಅಲ್ಲಿ ಚಿಲಕವು ತೋಟಾವನ್ನು ಬೆನ್ನಿನಿಂದ ತಳ್ಳುತ್ತದೆಯೇ ಹೊರತು ಹಿಡಿಯುವುದಿಲ್ಲ. ಚಿಲಕ ಪೂರ್ತಿ ಮುಚ್ಚುವಾಗ ಮಾತ್ರ ಅದರ ಮುಖದೊಳಗಿನ ಒಂದು ಚಿಕ್ಕ ಕೊಕ್ಕೆ ಅಂಚಿನ ಮೇಲೆ ಹಾರಿ ಕೂರುತ್ತದೆ. ಈ ಕೊಕ್ಕೆ ನೋಡಲು ಬಡವಾದುದು. ಆದರೆ ಅದನ್ನು ಚಿಕ್ಕದು ಮಾಡಿದ್ದರಿಂದ ಒಂದು ದೊಡ್ಡ ಲಾಭವಾಯಿತು. ಉಗುರಿನ ರಚನೆಯಲ್ಲಿ ತೋಟಾ ಕೆಳಗಿನಿಂದ ಜಾರಿ ಬರಬೇಕಾದ್ದರಿಂದ ಚಿಲಕದ ಮುಖವನ್ನು ಒಂದು ಕಡೆ ತೆರೆದಿಡಬೇಕು. ಇಲ್ಲಿ ಅದರ ಅಗತ್ಯವಿಲ್ಲ. ಬಟ್ಟಲಿನಂತೆ ತಗ್ಗಾದ ಮುಖವು ತೋಟಾದ ತಲೆಯನ್ನು ಸುತ್ತಲೂ ಆವರಿಸುತ್ತದೆ. ಆ ಬಟ್ಟಲಿನ ಅಂಚು ಒಂದು ಉಂಗುರ, ಅದರ ಹೊರಗೆ ನಳಿಗೆಯ ಉಕ್ಕು ಎರಡನೆಯದು, ಅದರಾಚೆ ರಿಸೀವರ್ ಎಂಬ ಒಡಲು ಮೂರನೆಯದು. ತೋಟಾದ ಹಿತ್ತಾಳೆ ಎಂದಾದರೂ ಒಡೆದರೆ ಬಿಸಿ ಅನಿಲ ಬೇಟೆಗಾರನ ಕಣ್ಣಿನತ್ತ ನುಗ್ಗದಂತೆ ಈ ಮೂರು ಉಂಗುರಗಳು ಕಾಪಾಡುತ್ತವೆ.

ಹಾಗಾದರೆ ಉಗುರಿನ ಪ್ರಯೋಜನವೇನು? ಗಾಬರಿಯಲ್ಲಿ ಅದು ತಿಳಿಯುತ್ತದೆ. ಗಾಯಗೊಂಡ ಆಫ್ರಿಕದ ಕಾಡೆಮ್ಮೆ ಎದುರಿಗೆ ಓಡಿಬರುತ್ತಿರುವಾಗ ಕೈ ನಡುಗಿ, ಚಿಲಕವನ್ನು ಅರ್ಧಕ್ಕೆ ತಳ್ಳಿ, ಪುನಃ ಹಿಂದಕ್ಕೆ ಎಳೆದರೆನ್ನೋಣ. ಉಗುರು ಹಿಡಿದಿದ್ದ ತೋಟಾ ಚಿಲಕದೊಡನೆಯೇ ಹಿಂದೆ ಬಂದು ಹೊರಕ್ಕೆ ಬೀಳುತ್ತದೆ. ಮುಂದಿನದಕ್ಕೆ ದಾರಿ ತೆರವಾಗಿದೆ. ತಳ್ಳುವ ರಚನೆಯಲ್ಲಿ ಮೊದಲ ತೋಟಾ ಮುಂದೆಯೇ ಅನಾಥವಾಗಿ ಉಳಿದು, ಎರಡನೆಯದರ ಮೂತಿ ಅದಕ್ಕೆ ಬಡಿದು ಎರಡೂ ಸಿಕ್ಕಿಕೊಳ್ಳುತ್ತವೆ. ಕಾಡೆಮ್ಮೆ ಕಾಯುವುದಿಲ್ಲ. ಆಫ್ರಿಕದ ಬೇಟೆಗೆ ಉಗುರಿನ ರೈಫಲನ್ನೇ ಬಯಸುವವರು ಹೆಚ್ಚು ಎಂಬುದರ ಕಾರಣ ಇದು. ಕೋವಿಯನ್ನು ತಲೆಕೆಳಗು ಹಿಡಿದರೂ ಉಗುರು ಕೆಲಸ ಮಾಡುತ್ತದೆಂದು ಅದರ ಅಭಿಮಾನಿಗಳು ಹೊಗಳುವುದುಂಟು. ನೇರವಾಗಿ, ತಡೆಯದೆ ತಳ್ಳಿದರೆ ರೆಮಿಂಗ್ಟನ್ನೂ ಸಾಮಾನ್ಯವಾಗಿ ಹಾಗೆಯೇ ಕೆಲಸ ಮಾಡುತ್ತದೆ. ತಲೆಕೆಳಗಾಗಿ ಬೇಟೆಯಾಡುವವರನ್ನು ನಾವಂತೂ ಕಾಣೆವು.

ಬೆಲೆಯ ಮಾತು ಬೇರೆ. ವಿಂಚೆಸ್ಟರಿನ ಒಡಲಿನ ತಳ ಚಪ್ಪಟೆ. ಹಿಮ್ಮೆಟ್ಟನ್ನು ಮರದ ಹಿಡಿಗೆ ದಾಟಿಸುವ ಗಟ್ಟಿ ಕಟ್ಟೆಯೂ ಅದೇ ಉಕ್ಕಿನಲ್ಲಿ ಕೆತ್ತಿದುದು. ಇಷ್ಟಕ್ಕೆ ಯಂತ್ರಗಳ ಕೆಲಸವೂ ನುರಿತ ಕೈಗಳೂ ಬಹಳ ಬೇಕು. ರೆಮಿಂಗ್ಟನ್ನಿನ ಎಂಜಿನಿಯರ್ ಮೈಕ್ ವಾಕರ್ ಅವರು 1948ರ 721 ಮತ್ತು 722 ಎಂಬ ಮಾದರಿಗಳಲ್ಲಿಯೇ ಒಡಲನ್ನು ದುಂಡಾದ ಕೊಳವೆಯಾಗಿ ಮಾಡಿದರು. ಹಿಮ್ಮೆಟ್ಟಿನ ಕಟ್ಟೆಯನ್ನು ಒಂದು ದಪ್ಪ ಬಿಲ್ಲೆಯನ್ನಾಗಿಸಿ ನಳಿಗೆಗೂ ಒಡಲಿಗೂ ನಡುವೆ ಸಿಕ್ಕಿಸಿದರು. ಲೇತಿನಲ್ಲಿ ಕಡೆದ ದುಂಡು ವಸ್ತು ಅಗ್ಗ ಮಾತ್ರವಲ್ಲ, ಎಲ್ಲ ಕಡೆಯೂ ಸಮವಾಗಿದ್ದು ಸುಲಭವಾಗಿ ನೇರವಾಗುತ್ತದೆ. ಅಗ್ಗವಾದುದೇ ಹೆಚ್ಚು ನಿಖರವೂ ಆದ ಅಪರೂಪದ ಉದಾಹರಣೆ ಇದು. ಅಮೆರಿಕದ ಮೆರೀನ್ ದಳದವರು 1966ರಲ್ಲಿಯೂ ಭೂಸೇನೆಯವರು 1988ರಲ್ಲಿಯೂ ತಮ್ಮ ಗುರಿಕಾರರಿಗೆ ಆರಿಸಿದ್ದು 700ರ ಒಡಲನ್ನೇ. ಸ್ಪರ್ಧೆ ತಾಳಲಾರದ ವಿಂಚೆಸ್ಟರಿನವರು 1964ರಲ್ಲಿ ಉಗುರನ್ನು ಕೈಬಿಟ್ಟು ತಾವೂ ತಳ್ಳುವ ರಚನೆಗೆ ಬಂದರು. ಗ್ರಾಹಕರು ಇದನ್ನು ಸಹಿಸಲಿಲ್ಲ. ಹಳೆಯವುಗಳ ಬೆಲೆ ಏರಿತು. 1990ರ ದಶಕದಲ್ಲಿ ಉಗುರು ಹಿಂದಿರುಗಿತು.

ಇಷ್ಟನ್ನು ಮಾತ್ರ ಕೇಳಿದವರು ಎರಡೂ ಸಮವೆಂದಾರು. ನಮ್ಮ ದೃಷ್ಟಿಯಲ್ಲಿ ಆಯ್ಕೆಯ ಮುಖ್ಯ ಅಂಶ ಬೇರೊಂದಿದೆ; ಕೊಂಡುಕೊಳ್ಳುವವನು ಕೊನೆಯಲ್ಲಿ ನೋಡುವಂಥದು. ತೋಟಾದ ಬೆನ್ನಿನಲ್ಲಿರುವ ಕೇಪಿಗೆ ಬಡಿಯುವುದು ಒಂದು ಉಕ್ಕಿನ ಸೂಜಿ. ಬಿಗಿದ ಸ್ಪ್ರಿಂಗಿನ ಬಲಕ್ಕೆ ಎದುರಾಗಿ ಅದನ್ನು ಒಂದು ತಡೆ ಹಿಡಿದಿಟ್ಟಿರುತ್ತದೆ. ಟ್ರಿಗರ್ ಎಳೆದಾಗ ತಡೆ ಜಾರುತ್ತದೆ. ವಿಂಚೆಸ್ಟರಿನ ಸುರಕ್ಷಾ ಕೀಲಿ ಚಿಲಕದ ಹಿಂತುದಿಯಲ್ಲಿದ್ದು ಸೂಜಿಯನ್ನೇ ಹಿಡಿಯುತ್ತದೆ. ಅದಕ್ಕೆ ಮೂರು ನೆಲೆಗಳು. ನಡುವಿನ ನೆಲೆಯಲ್ಲಿಟ್ಟರೆ ಸೂಜಿ ಬಂಧಿತವಾಗಿರುವಂತೆಯೇ ಚಿಲಕವನ್ನು ತೆರೆದು ತೋಟಾಗಳನ್ನು ಹೊರತೆಗೆಯಬಹುದು. ರೆಮಿಂಗ್ಟನ್ನಿನ ಕೀಲಿ ಸೂಜಿಯನ್ನಲ್ಲ, ತಡೆಯನ್ನು ಮಾತ್ರ ಹಿಡಿಯುತ್ತದೆ. ಅಲ್ಲದೆ 1982ರವರೆಗೆ ಅದು ಚಿಲಕವನ್ನೂ ಬಂಧಿಸುತ್ತಿದ್ದುದರಿಂದ, ಕೋವಿಯನ್ನು ಬರಿದುಮಾಡಬೇಕಾದರೆ ಕೀಲಿಯನ್ನು ಬಿಡಲೇಬೇಕಾಗಿತ್ತು.

ಇದರೊಡನೆ ವಾಕರ್ ಅವರ ಟ್ರಿಗರಿನಲ್ಲಿ ಟ್ರಿಗರಿಗೂ ತಡೆಗೂ ನಡುವೆ ಬಿಡಿಯಾದ ಒಂದು ಸಣ್ಣ ತುಂಡು ಇತ್ತು. ಎಳೆತ ಹಗುರವಾಗಿ ನಿಖರವಾಗಲು ಅದು ನೆರವಾಯಿತು. ಆದರೆ ಪ್ರತಿ ಹೊಡೆತಕ್ಕೂ ಅದು ಸರಿದು ಮತ್ತೆ ತನ್ನ ನೆಲೆಗೆ ಬರಬೇಕು. ಧೂಳೋ, ಗಟ್ಟಿಯಾದ ಎಣ್ಣೆಯೋ ಸೇರಿಕೊಂಡು ಅದು ಪೂರ್ತಿ ಹಿಂದಿರುಗದಿದ್ದರೆ, ಕೀಲಿ ಬಿಟ್ಟೊಡನೆ ಟ್ರಿಗರನ್ನು ಮುಟ್ಟದೆಯೇ ಗುಂಡು ಹಾರಬಹುದೆಂಬುದು ದೂರುದಾರರ ವಾದ. ಇಂತಹ ಗುಂಡುಗಳಿಂದ ತಮ್ಮವರು ಸತ್ತರೆಂದೂ ಗಾಯಗೊಂಡರೆಂದೂ ಹಲವರು ನ್ಯಾಯಾಲಯಗಳಿಗೆ ಹೋದರು. ರಚನೆಯಲ್ಲಿ ದೋಷವಿಲ್ಲವೆಂದು ಕಂಪೆನಿ ವಾದಿಸಿತು. 2014ರಲ್ಲಿ ರಾಜಿಯಾಗಿ, 2017ರಲ್ಲಿ ನ್ಯಾಯಾಲಯ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದರ ವ್ಯಾಪ್ತಿಗೆ ಬಂದ ಕೋವಿಗಳು ಸುಮಾರು 75 ಲಕ್ಷ. ಒಪ್ಪಿಗೆಯ ವೇಳೆಗೆ ಪರಿಹಾರ ಕೇಳಿದವರು ನೂರಕ್ಕೆ ಒಬ್ಬರೂ ಇರಲಿಲ್ಲ. 2006ರಿಂದ ಹಾಕಲಾದ ಹೊಸ ಟ್ರಿಗರಿನಲ್ಲಿ ಆ ಬಿಡಿ ತುಂಡು ಇಲ್ಲ. ಆದರೆ 2014ರ ಏಪ್ರಿಲಿನವರೆಗೆ ತಯಾರಾದ ಈ ಹೊಸ ಟ್ರಿಗರುಗಳನ್ನೂ ಬೇರೊಂದು ಕಾರಣಕ್ಕೆ ಕಂಪೆನಿಯೇ ಪರೀಕ್ಷೆಗೆ ಹಿಂದಕ್ಕೆ ಕರೆಸಿತು.

ಆದುದರಿಂದ ದೂರದ ಜಿಂಕೆಗೆ ಗುರಿಯಿಡುವವನಿಗೆ 700 ಸಾಕು, ಅಗ್ಗವೂ ಹೌದು. ಮೈಮೇಲೆ ಬರುವ ಮೃಗವನ್ನು ಎದುರಿಸುವವನಿಗೆ 70ರ ಉಗುರು ಬೇಕು. ಜೊತೆಗಾರರೊಡನೆ ಕಾಡಿನಲ್ಲಿ ತುಂಬಿದ ಕೋವಿ ಹಿಡಿದು ನಡೆಯುವ ಯಾರಿಗೇ ಆಗಲಿ 70ರ ಕೀಲಿ ಮೇಲೆಂದು ನಮ್ಮ ಅಭಿಪ್ರಾಯ. ಹಳೆಯದನ್ನು ಕೊಳ್ಳುವಾಗಲಂತೂ ಹೆಸರಿಗಿಂತ ಇಸವಿ ಮುಖ್ಯ. 70 ಎಂದರೆ 1964ಕ್ಕೆ ಹಿಂದಿನದೋ ಮುಂದಿನದೋ, 700 ಎಂದರೆ ಅದರಲ್ಲಿರುವುದು ಯಾವ ಟ್ರಿಗರು, ಅದನ್ನು ಬದಲಿಸಲಾಗಿದೆಯೇ ಎಂದು ಮೊದಲು ವಿಚಾರಿಸಬೇಕು.